ನಿಮಗಿದು ಗೊತ್ತೆ? ಸವಣೂರಿನ ದೊಡ್ಡಹುಣಸೆ

ಒಂದೊಮ್ಮೆ ನವಾಬರ ರಾಜಧಾನಿಯಾಗಿದ್ದ ಹಾವೇರಿ ಜಿಲ್ಲೆಯ ಸವಣೂರು ಪಟ್ಟಣದಲ್ಲಿ, ದೊಡ್ಡಹುಣಸೆ ಕಲ್ಮಠದ ಆವರಣದೊಳಗೆ, ಶ್ರೀಕೃಷ್ಣನು ತಂದು ನೆಟ್ಟನೆಂದು ಜನರು ಭಕ್ತಿಯಿಂದ ನಂಬಿಕೊಂಡು ಬಂದಿರುವ ಮೂರು ಮಹಾವೃಕ್ಷಗಳು, ಹೆಸರು ದೊಡ್ಡಹುಣಸೆಯಾದರೂ, ನಮ್ಮ ಹುಣಸೆಯ ಜಾತಿಯವಲ್ಲ. ಆಫ್ರಿಕಾ ಖಂಡದ ಬಾವೊಬಾಬ್ ಮರಗಳವು. ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಈ ವೃಕ್ಷವು ತನ್ನ ಮೃದುವಾದ, ನಾರಿನಿಂದ ಕೂಡಿದ ಕಾಂಡದಲ್ಲಿ ಹೇರಳವಾಗಿ ನೀರನ್ನು ಸಂಗ್ರಹಿಸಿಟ್ಟುಕೊಳ್ಳುತ್ತದೆ. ಇದರ ಬಿಳಿಯ ಹೂವುಗಳು ಅರಳುವುದು ಇರುಳಿನಲ್ಲಿ.

2023ರ ಜುಲೈ ತಿಂಗಳ ಮಳೆಯಲ್ಲಿ ಇವುಗಳಲ್ಲೊಂದು ಬುಡಸಹಿತ ಉರುಳಿದಾಗ, ಅದನ್ನು ಕಡಿದು ಸಾಗಿಸದೆ, ಯಂತ್ರಗಳ ನೆರವಿನಿಂದ ಎತ್ತಿ ಮರಳಿ ನಿಲ್ಲಿಸಿದುದು ನಿಜಕ್ಕೂ ಶ್ಲಾಘನೀಯವಾದ ಕಾರ್ಯ. ಹೀಗೆ ಪುನಃ ಪ್ರತಿಷ್ಠಾಪಿಸುವ ವೃಕ್ಷದ ರೆಂಬೆಗಳನ್ನು ಸವರುವುದೇಕೆಂದರೆ, ಬೇರುಗಳು ಬಹುಪಾಲು ಹರಿದುಹೋಗಿರುವಾಗ ಎಲೆಗಳಿಂದ ಆವಿಯಾಗುವಷ್ಟು ನೀರನ್ನು ಒದಗಿಸಲು ಉಳಿದ ಬೇರುಗಳು ಸಮರ್ಥವಾಗಿರುವುದಿಲ್ಲ. ಜಜ್ಜಿದ ಬೇರಿನ ತುದಿಗಳನ್ನು ಹರಿತವಾದ ಆಯುಧದಿಂದ ನೀಟಾಗಿ ಕತ್ತರಿಸಿದರೆ ಕೊಳೆರೋಗದ ಭಯ ತಗ್ಗುತ್ತದೆ. ಆದರೆ ಬುಡದಲ್ಲಿ ನೀರು ನಿಂತರೆ ಆ ಶ್ರಮವೆಲ್ಲ ವ್ಯರ್ಥ.

ಮರದ ಉಳಿವು ಹೀಗೆ ಬೇರನ್ನೇ ಅವಲಂಬಿಸಿರುವುದರಿಂದ, ಇದೇ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳ ಬೀದಿಗಳಲ್ಲಿ ಸಸಿ ನೆಡುವವರೂ ಬುಡದ ಸುತ್ತ ಸಿಮೆಂಟು ಬಳಿಯದೆ, ಬೇರು ಉಸಿರಾಡುವಷ್ಟು ಮಣ್ಣನ್ನು ತೆರೆದಿಡಬೇಕು.