ಗೇಮ್ ಪತ್ರಿಕೆ ಮತ್ತು 24 ಅಕ್ಷರ

ಟಿ.ವಿ.ಗೆ ಜೋಡಿಸಿ ಆಡುವ ಯಂತ್ರ ಕನ್ಸೋಲ್. ಅದಕ್ಕೆ ಸಿಕ್ಕಿಸುವ ಆಟದ ಡಬ್ಬಿ ನಮ್ಮವರ ಬಾಯಲ್ಲಿ ಕ್ಯಾಸೆಟ್. ತೊಂಬತ್ತರ ದಶಕದಲ್ಲಿ ಹುಡಗಿ, ಹುಮನಾಬಾದಿನ ಕಡೆ ಅಗ್ಗದ ನಕಲು ಯಂತ್ರದಲ್ಲಿ ಆಡಿ ಬೆಳೆದವರಿಗೆ ಇಷ್ಟು ಸಾಕು. ಆದರೆ ಆ ಆಟಗಳ ಜೊತೆಗೇ ಓದುವ ಪತ್ರಿಕೆಗಳೂ ಇದ್ದವು.

ಅವುಗಳಲ್ಲಿ ಹೆಸರಾದದ್ದು 'ನಿಂಟೆಂಡೊ ಪವರ್'. ನಿಂಟೆಂಡೊ ಕಂಪನಿಯೇ 1988ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಈ ಪತ್ರಿಕೆ 285 ಸಂಚಿಕೆ ಕಂಡು 2012ರ ಡಿಸೆಂಬರ್‌ನಲ್ಲಿ ನಿಂತಿತು. ಮೊದಲ ಸಂಚಿಕೆಯ ಮುಖಪುಟದಲ್ಲಿದ್ದದ್ದು ಜೇಡಿಮಣ್ಣಿನ ಮಾರಿಯೊ ಗೊಂಬೆ. ಕೊನೆಯ ಸಂಚಿಕೆಯಲ್ಲೂ ಅದೇ ಬಗೆಯ ಗೊಂಬೆ.

ಇಂಥ ಪತ್ರಿಕೆಗಳಲ್ಲಿ ನಕ್ಷೆ, ವಿಮರ್ಶೆ ಎಲ್ಲ ಇರುತ್ತಿದ್ದವು. ನನಗೆ ಪ್ರಿಯವಾದದ್ದು ಪಾಸ್‌ವರ್ಡ್‌ಗಳ ಪುಟ. ಎಲ್ಲರೂ ಎಡವುವುದೂ ಅಲ್ಲೇ. ಪಾಸ್‌ವರ್ಡ್ ಎಂದರೆ ಬೀಗದ ಕೈ, ಕಂಪನಿಯವರು ಮೊದಲೇ ಬಚ್ಚಿಟ್ಟ ಗುಟ್ಟು ಎಂದು ತಿಳಿಯುತ್ತಾರೆ. ಹಾಗಲ್ಲ. ಆಗಿನ ಎಷ್ಟೋ ಕ್ಯಾಸೆಟ್‌ಗಳು ಆಟ ಎಲ್ಲಿಗೆ ಬಂತೆಂದು ನೆನಪಿಡುತ್ತಿರಲಿಲ್ಲ; ಕರೆಂಟು ಹೋದರೆ ಎಲ್ಲ ಮೊದಲಿನಿಂದ. ಆದ್ದರಿಂದ ಯಂತ್ರ ತನ್ನ ಸ್ಥಿತಿಯನ್ನೇ ಅಕ್ಷರಗಳಾಗಿಸಿ ತೋರಿಸುತ್ತಿತ್ತು. ಆಡುವವರು ಅದನ್ನು ಬರೆದಿಟ್ಟುಕೊಳ್ಳಬೇಕು.

'ಮೆಟ್ರಾಯ್ಡ್' ಆಟವನ್ನೇ ನೋಡೋಣ. ಜಪಾನಿನಲ್ಲಿ 1986ರಲ್ಲಿ ಡಿಸ್ಕ್ ಮೇಲೆ ಬಂದಾಗ ಆಟ ಅಲ್ಲೇ ಉಳಿಯುತ್ತಿತ್ತು. ಮರುವರ್ಷ ಅಮೆರಿಕಕ್ಕೆ ಕ್ಯಾಸೆಟ್ಟಾಗಿ ಹೋದಾಗ ಆ ಸೌಲಭ್ಯ ಇಲ್ಲವಾಗಿ 24 ಅಕ್ಷರಗಳ ಪಾಸ್‌ವರ್ಡ್ ಬಂತು. ಒಂದೊಂದು ಜಾಗದಲ್ಲೂ 64 ಚಿಹ್ನೆಗಳಲ್ಲಿ ಒಂದು: 10 ಅಂಕಿ, ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಪ್ರಶ್ನಾರ್ಥಕ ಚಿಹ್ನೆ, ಅಡ್ಡಗೆರೆ. ಎರಡನ್ನು ಆರು ಸಲ ಗುಣಿಸಿದರೆ 64. ಅಂದರೆ ಒಂದು ಚಿಹ್ನೆಯೊಳಗೆ ಆರು ಹೌದು–ಅಲ್ಲ ಉತ್ತರಗಳು ಕೂರುತ್ತವೆ, 24ರಲ್ಲಿ 144. ಈ ಆಯುಧ ಸಿಕ್ಕಿತೇ? ಆ ಬಾಗಿಲು ತೆರೆಯಿತೇ? ಕ್ಷಿಪಣಿ ಎಷ್ಟು ಉಳಿದಿವೆ? ಇಡೀ ಸಾಹಸ ಒಂದು ಚೀಟಿಯಲ್ಲಿ! ಎಷ್ಟು ಸಲ ವಿವರಿಸಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ.

ಇಂಥ ಒಂದೊಂದು ಹೌದು–ಅಲ್ಲ ಉತ್ತರವೇ ಒಂದು ಬಿಟ್. ಆ 144ರಲ್ಲಿ ಎಂಟು ಬಿಟ್‌ಗಳು ತಾಳೆ ನೋಡಲು ಮೀಸಲು. ಆಧಾರ್ ಸಂಖ್ಯೆಯ ಕೊನೆಯ ಅಂಕಿ ಹಿಂದಿನ 11 ಅಂಕಿಗಳ ಲೆಕ್ಕದಿಂದ ಬರುವಂತೆ, ಇದೂ ಉಳಿದವುಗಳ ಮೊತ್ತದಿಂದ ಬರುತ್ತದೆ. ಒಂದಕ್ಷರ ತಪ್ಪಿದರೂ ಸಾಮಾನ್ಯವಾಗಿ ಮೊತ್ತ ಕೂಡುವುದಿಲ್ಲ, ಯಂತ್ರ ಒಪ್ಪುವುದಿಲ್ಲ.

'ಜಸ್ಟಿನ್ ಬೇಲಿ' ಎಂಬ ಪಾಸ್‌ವರ್ಡ್ ಹಾಕಿದರೆ ನಾಯಕಿ ಕವಚವಿಲ್ಲದೆ ಕಾಣಿಸಿಕೊಳ್ಳುತ್ತಾಳೆ. ಇದು ಯಾರದೋ ಹೆಸರು, ಆಟ ಮಾಡಿದವರೇ ಅಡಗಿಸಿಟ್ಟದ್ದು ಎಂಬ ದಂತಕತೆ ಹಬ್ಬಿತು. ಲೆಕ್ಕ ಹೇಳುವುದೇ ಬೇರೆ. ಎಂಟು ಬಿಟ್‌ಗಳಿಗೆ 256 ಬೆಲೆಗಳು. ಕಣ್ಣುಮುಚ್ಚಿ ಅಕ್ಷರ ಜೋಡಿಸಿದರೂ ಸರಾಸರಿ 256ಕ್ಕೆ ಒಂದು ತಾಳೆಯಾಗಲೇಬೇಕು. 'ನಾರ್ಪಾಸ್ ಸ್ವೋರ್ಡ್' ಎಂಬ ಇನ್ನೊಂದು ಪಾಸ್‌ವರ್ಡ್ ಮಾತ್ರ ನಿಜವಾಗಿಯೂ ಪ್ರೋಗ್ರಾಮಿನೊಳಗೇ ಬರೆದಿಟ್ಟದ್ದು.

ಕ್ಯಾಸೆಟ್‌ಗೆ ಬ್ಯಾಟರಿ ಬಂತು, ಆಮೇಲೆ ಮೆಮೊರಿ ಕಾರ್ಡ್ ಬಂತು. ಪಾಸ್‌ವರ್ಡ್ ಪುಟದ ಅಗತ್ಯ ಅಲ್ಲಿಗೇ ತೀರಿತು. ಗೇಮ್ ಪತ್ರಿಕೆಗಳನ್ನು ಇಂಟರ್ನೆಟ್ ಒಂದೇ ನಿಲ್ಲಿಸಿತು ಎನ್ನುವವರು ಇದನ್ನು ಮರೆಯುತ್ತಾರೆ.

ಹುಡಗಿಯ ಹೈಸ್ಕೂಲು ಮಕ್ಕಳು ಈ ಪಾಸ್‌ವರ್ಡ್ ಲೆಕ್ಕವನ್ನು ಕಂಪ್ಯೂಟರ್ ಇಲ್ಲದೆಯೂ ಕಲಿಯಬಹುದು. ಆರು ಹೌದು–ಅಲ್ಲ ಪ್ರಶ್ನೆ ಬರೆಯಿರಿ, ಉತ್ತರಗಳನ್ನು 1, 0 ಮಾಡಿ, 64 ಚಿಹ್ನೆಗಳ ಪಟ್ಟಿಯಿಂದ ಒಂದನ್ನು ಆರಿಸಿ ಗೆಳೆಯರಿಗೆ ಕೊಡಿ, ಅವರು ಬಿಡಿಸಲಿ. ಆಮೇಲೆ 1, 0ಗಳಲ್ಲೇ ಬರೆಯುವ ಈ ದ್ವಿಮಾನ ಪದ್ಧತಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ.