ಒಣ ಮರ ಕಡಿಯೋ ಮುನ್ನ ಮಡಿವಾಳ ಹಕ್ಕಿ ಇದೆಯಾ ನೋಡಿ

ಮುಂಗಾರು ಹಿಡಿಯೋ ಮೊದಲು ತೋಟ ಚೊಕ್ಕ ಮಾಡೋಣ ಅಂತ ನಾವೆಲ್ಲ ಒಣಮರ, ಬೋಳು ಕಾಂಡ ಕಡಿಯುತ್ತೇವೆ. ಅದೇ ಹೊತ್ತಿಗೆ ಅದರ ಪೊಟರೆಯಲ್ಲಿ ಮಡಿವಾಳ ಹಕ್ಕಿ ಮೊಟ್ಟೆ ಇಟ್ಟಿರಬಹುದು. ಕೆಳಗಿನಿಂದ ನೋಡಿದರೆ ಏನೂ ಕಾಣಲ್ಲ. ಕೊಡಲಿ ಹಾಕುವ ಮೊದಲು ಪತ್ತೆ ಮಾಡುವುದು ಹೇಗೆ ಅಂತ ಈ ವಾರ ಹೇಳುತ್ತೇನೆ.

ಗುರುತು ಹಿಡಿಯೋದು ಹೇಗೆ?

ಬಾಲ ಸೇರಿ ಸುಮಾರು 19 ಸೆಂ.ಮೀ. ಉದ್ದ. ಗಂಡಿನ ತಲೆ, ಎದೆ, ಬೆನ್ನು ಮಿರುಗುವ ಕಪ್ಪು, ಹೊಟ್ಟೆ ಅಚ್ಚ ಬಿಳಿ, ರೆಕ್ಕೆಯ ಮೇಲೊಂದು ಬಿಳಿ ಪಟ್ಟಿ. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು ಬಣ್ಣ. ಎರಡೂ ಬಾಲವನ್ನು ಆಗಾಗ ಮೇಲಕ್ಕೆತ್ತುತ್ತವೆ. ಮರಿಗಳ ಮೈ ಕಂದು, ಎದೆ ಮೇಲೆ ಚುಕ್ಕೆ ಚುಕ್ಕೆ. ಬೆಳಗಿನ ಜಾವ ಎತ್ತರದ ಕೊಂಬೆ ಅಥವಾ ಲೈಟ್ ಕಂಬದ ತುದಿಯಲ್ಲಿ ಕೂತು ರಾಗ ಬದಲಿಸುತ್ತಾ ಸಿಳ್ಳೆ ಹಾಕೋದು ಗಂಡು. ಮಿಡತೆ, ಹುಳು, ಗೆದ್ದಲು ಇದರ ಆಹಾರ. ಹೆಚ್ಚಾಗಿ ನೆಲಕ್ಕಿಳಿದೇ ಹಿಡಿಯುತ್ತದೆ.

ಗೂಡಿನ ವಿಷಯ

ಮರ ಕೊರೆಯೋದು ಇದಕ್ಕೆ ಬರಲ್ಲ. ಮರಕುಟಿಗ, ಕುಟ್ರುಹಕ್ಕಿ ಬಿಟ್ಟುಹೋದ ಪೊಟರೆ, ಹಳೇ ಗೋಡೆಯ ಬಿರುಕು, ಪಂಪ್‌ಹೌಸಿನ ಸಂದು ಸಿಕ್ಕರೆ ಸಾಕು. ಪೊಟರೆಗಳೇ ಇಲ್ಲದ ತೋಟದಲ್ಲಿ ಹಾಡು ಕೇಳಬಹುದು, ಆದರೆ ಸಂಸಾರ ನಿಲ್ಲಲ್ಲ.

ಮೊಟ್ಟೆ ಇಡುವ ಕಾಲ ಹೆಚ್ಚಾಗಿ ಮಾರ್ಚ್‌ನಿಂದ ಜುಲೈ. ಹುಲ್ಲು, ನಾರು ತಂದು ಗೂಡು ಹಾಸುವ ಕೆಲಸ ಬಹುತೇಕ ಹೆಣ್ಣಿನದು. ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ. ತಿಳಿ ನೀಲಿ-ಹಸಿರು ಬಣ್ಣ, ಮೇಲೆ ಕಂದು ಚುಕ್ಕೆ. ಕಾವು ಕೂರೋದೂ ಹೆಣ್ಣೇ. ಗಂಡಿನ ಮುಖ್ಯ ಕೆಲಸ ಕಾವಲು. ಮೊದಲ ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಒಂದು ತಿಂಗಳು.

ನಾನು ಪತ್ತೆ ಮಾಡೋದು ಹೀಗೆ: ಬೆಳಗ್ಗೆ ಕಾಂಡದಿಂದ ಇಪ್ಪತ್ತು ಮೀಟರ್ ದೂರ ಸುಮ್ಮನೆ ಅರ್ಧ ಗಂಟೆ ಕೂರುತ್ತೇನೆ. ಬಾಯಲ್ಲಿ ಹುಳು ಹಿಡಿದ ಹಕ್ಕಿ ಒಂದೇ ತೂತಿಗೆ ಮತ್ತೆ ಮತ್ತೆ ಹೋದರೆ ಒಳಗೆ ಮರಿ ಇದೆ ಅಂತ ಅರ್ಥ. ಆದರೆ ಕಾವು ಕೂತಾಗ ಓಡಾಟ ಕಮ್ಮಿ. ಹಾಗಾಗಿ ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ, ಎರಡು-ಮೂರು ದಿನ ನೋಡಿ.

ಮೊಬೈಲ್ ಬಳಸುವಾಗ

ಹೆಸರು ಗೊತ್ತಾಗದಿದ್ದರೆ ಮರ್ಲಿನ್ ಅನ್ನೋ ಉಚಿತ ಆ್ಯಪ್‌ನಲ್ಲಿ ಹಾಡು ರೆಕಾರ್ಡ್ ಮಾಡಿ, ಅದು ಹಕ್ಕಿ ಯಾವುದೆಂದು ಸೂಚಿಸುತ್ತದೆ. ಆದರೆ ಅದೇ ಹಾಡನ್ನು ಗೂಡಿನ ಹತ್ತಿರ ಪ್ಲೇ ಮಾಡಬೇಡಿ. ಬೇರೆ ಗಂಡು ತನ್ನ ಜಾಗಕ್ಕೆ ಬಂತು ಅಂತ ಇದು ಜಗಳಕ್ಕೇ ಬರುತ್ತದೆ, ಬೈಕ್ ಕನ್ನಡಿಯಲ್ಲಿ ಕಂಡ ತನ್ನ ಬಿಂಬವನ್ನೂ ಕುಕ್ಕುವ ಹಕ್ಕಿ ಇದು. ಪೊಟರೆಯೊಳಗೆ ಫ್ಲ್ಯಾಶ್ ಹಾಕಿ ಫೋಟೋ ತೆಗೆಯೋದೂ ಬೇಡ. ರೀಲ್ಸ್‌ಗಿಂತ ಮರಿ ಮುಖ್ಯ.

ಹಾಗಾದ್ರೆ ಒಣ ತೆಂಗು ಬಿಡಬೇಕಾ?

ಕೊಳೆತ ತೆಂಗಿನ ಕಾಂಡದಲ್ಲಿ ಕುರುವಾಯಿ ದುಂಬಿ ಮರಿ ಮಾಡುತ್ತದೆ, ಅದನ್ನು ಬಿಡಿ ಅಂತ ನಾನು ಹೇಳಲ್ಲ. ನಾನು ಹೇಳೋದು ಇಷ್ಟು:

- ಒಣ ತೆಂಗನ್ನು ಡಿಸೆಂಬರ್–ಫೆಬ್ರವರಿಯಲ್ಲೇ ತೆಗೆದುಬಿಡಿ.
- ಬೇಲಿಯ ಬೇರೆ ಜಾತಿಯ ಒಣ ಕಾಂಡ ಒಂದೆರಡು ಹಾಗೇ ಇರಲಿ.
- ಪೊಟರೆ ಇಲ್ಲದಿದ್ದರೆ ಎರಡು ಇಂಚಿಗಿಂತ ಸ್ವಲ್ಪ ದೊಡ್ಡ ತೂತಿರುವ ಮರದ ಪೆಟ್ಟಿಗೆಯನ್ನು ಫೆಬ್ರವರಿಯೊಳಗೆ ನೆರಳಲ್ಲಿ, ಬೆಕ್ಕು ಹತ್ತದ ಎತ್ತರಕ್ಕೆ ಕಟ್ಟಿ. ತಳದಲ್ಲಿ ನೀರಿಳಿಯಲು ಸಣ್ಣ ತೂತು ಇರಲಿ.
- ಮರಿ ಇದ್ದಾಗ ಆ ಸುತ್ತ ಕೀಟನಾಶಕ ಹೊಡೆಯಬೇಡಿ. ವಿಷ ತಿಂದ ಹುಳು ಮರಿಗಳ ಬಾಯಿಗೇ ಹೋಗುತ್ತದೆ.

ಬಾಂಗ್ಲಾದೇಶಕ್ಕೆ ಇದೇ ರಾಷ್ಟ್ರಪಕ್ಷಿ. ಹಾಡಿಗಾಗಿ ಹಿಡಿದು ಪಂಜರಕ್ಕೆ ಹಾಕಿದ್ದರಿಂದ ಸಿಂಗಾಪುರದಲ್ಲಿ ಒಂದು ಕಾಲಕ್ಕೆ ಬೆರಳೆಣಿಕೆಯಷ್ಟಾಗಿತ್ತು. ನಮ್ಮಲ್ಲಿ ಇದನ್ನು ಹಿಡಿಯೋದು, ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಮ್ಮ ತೋಟದಲ್ಲಿ ಅದು ಕೇಳೋದು ಒಂದು ತೂತು, ಒಂದು ತಿಂಗಳು. ಅಷ್ಟು ಕೊಡೋಣ.