ದೋಣಿಯಲ್ಲಿ ‘ಅಡ್ಜಸ್ಟ್’ ನಡೆಯುವುದಿಲ್ಲ

ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಡುವುದು ಮುಂಬಯಿಯ ಲೋಕಲ್ ರೈಲು ನಮಗೆ ಕಲಿಸಿದ ಮೊದಲ ಪಾಠ. ವಾಶಿಯಿಂದ ಸಿಎಸ್‌ಎಂಟಿಗೆ ಹೋಗುವ ಹಾರ್ಬರ್ ಲೈನಿನಲ್ಲಿ ‘ಥೋಡಾ ಅಡ್ಜಸ್ಟ್ ಕರೋ’ ಎಂದು ಕೇಳಿಸಿದರೆ ಸಾಕು, ಕಾಲು ತಾನಾಗಿಯೇ ಸರಿಯುತ್ತದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಶಹರ ಜಾಗ ಕೊಟ್ಟದ್ದೂ ಹೀಗೆಯೇ. ತೊಂದರೆ ಏನೆಂದರೆ, ಇದೇ ಅಭ್ಯಾಸವನ್ನು ನಾವು ಸಮುದ್ರಕ್ಕೂ ಹೊತ್ತೊಯ್ಯುತ್ತೇವೆ.

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಏಳು ಮಂದಿ ಕನ್ನಡಿಗ ಗೆಳೆಯರು ವಾಶಿಯಿಂದ ಎಲಿಫಂಟಾಕ್ಕೆ ಹೊರಟೆವು. ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಮೇಲೆ ಆಗಲೇ ಸಂತೆ. ನಮ್ಮ ಸರದಿ ಬರುವಷ್ಟರಲ್ಲಿ ದೋಣಿಯ ಕೆಳಗಿನ ಬೆಂಚುಗಳು ತುಂಬಿದ್ದವು, ಮೇಲಿನ ಡೆಕ್ಕಿನಲ್ಲಿ ಜನ ಕಂಬಿ ಹಿಡಿದು ನಿಂತಿದ್ದರು. ಹತ್ತಿಸಿಕೊಳ್ಳುವ ಹುಡುಗ ಮಾತ್ರ ಇನ್ನೂ ಕೈಬೀಸಿ ಕರೆಯುತ್ತಲೇ ಇದ್ದ.

‘ಇದು ಬೇಡ ಮಾರಾಯ್ರೆ, ಮುಂದಿನದ್ದರಲ್ಲಿ ಹೋಗುವ’ ಎಂದು ಮಲ್ಪೆಯ ಗೆಳೆಯ ಮೆಟ್ಟಿಲಲ್ಲೇ ನಿಂತುಬಿಟ್ಟ. ಅವನದು ಮೀನುಗಾರರ ಮನೆ.

‘ಟಿಕೆಟ್ ಕೊಟ್ಟಾರಂದ್ರ ಜಾಗ ಇರಬೇಕಲ್ಲೋ? ಒಂದು ತಾಸಿನ ಹಾದಿ, ನಿಂತು ಹೋದ್ರಾತು’ ಎಂದ ಧಾರವಾಡದವನು. ಸಮುದ್ರದ ಮೇಲೆ ಅವನದು ಮೊದಲ ಪಯಣ.

ಹಿಂದಿದ್ದವರು ಗೊಣಗಿದರು. ಮಲ್ಪೆಯವನು ಕದಲಲಿಲ್ಲ. ಎಷ್ಟು ಜನರನ್ನು ಒಯ್ಯಬಹುದು ಎಂದು ದೋಣಿಯ ಮೇಲೆ ಬಣ್ಣದಲ್ಲಿ ಬರೆದಿದ್ದ ಸಂಖ್ಯೆಯನ್ನು ಸುಮ್ಮನೆ ಬೆರಳಿನಿಂದ ತೋರಿಸಿದ. ಏಳೂ ಮಂದಿ ಪಕ್ಕಕ್ಕೆ ಸರಿದೆವು.

ಇದೇ ಹಾದಿಯಲ್ಲಿ 2024ರ ಡಿಸೆಂಬರ್ 18ರ ಸಂಜೆ ‘ನೀಲಕಮಲ್’ ದೋಣಿ ಮುಳುಗಿದ್ದು ಎಲ್ಲರಿಗೂ ನೆನಪಿರಬಹುದು. ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್‌ಬೋಟ್ ನಿಯಂತ್ರಣ ತಪ್ಪಿ ಬಂದು ಬಡಿಯಿತು. 15 ಮಂದಿ ತೀರಿಕೊಂಡರು. ಆ ದೋಣಿಗೆ ಪರವಾನಗಿ ಇದ್ದದ್ದು 84 ಪ್ರಯಾಣಿಕರಿಗೆ ಮತ್ತು 6 ಸಿಬ್ಬಂದಿಗೆ, ಅಂದು ಅದರಲ್ಲಿದ್ದವರು ನೂರಕ್ಕೂ ಹೆಚ್ಚು. ಡಿಕ್ಕಿಗೆ ಜನಜಂಗುಳಿ ಕಾರಣವಲ್ಲ, ನಿಜ. ಆದರೆ ನೀರಿಗೆ ಬಿದ್ದ ಮೇಲೆ ಪ್ರತಿಯೊಂದು ಹೆಚ್ಚುವರಿ ತಲೆಗೂ ಒಂದು ಜಾಕೆಟ್, ಎಳೆದುಕೊಳ್ಳಲು ಒಂದು ಕೈ ಬೇಕಲ್ಲ! ನಮ್ಮ ಕರಾವಳಿಗೂ ಇದು ಹೊಸತಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಹೋದರು. ಜಾತ್ರೆಯ ದಿನ ‘ಜಾಗ ಇಲ್ಲ’ ಎನ್ನುವವರು ಯಾರು?

ಅದೇ ಟಿಕೆಟ್ ಮುಂದಿನ ದೋಣಿಗೂ ನಡೆಯಿತು. ಕಾದದ್ದು ಅರ್ಧ ಗಂಟೆಯಷ್ಟೇ, ಕೂರಲು ಬೆಂಚೂ ಸಿಕ್ಕಿತು. ನೀಲಕಮಲ್ ದುರಂತದ ಬೆನ್ನಿಗೇ ಇಲ್ಲಿ ಲೈಫ್ ಜಾಕೆಟ್ ಕಡ್ಡಾಯವಾಯಿತು. ನಮ್ಮ ದೋಣಿಯಲ್ಲಿ ಅದನ್ನು ಕೊಟ್ಟರು ಕೂಡ. ಧಕ್ಕೆ ಮರೆಯಾದ ಕೂಡಲೇ ಅರ್ಧ ಜನ ಬಿಚ್ಚಿ ದಿಂಬು ಮಾಡಿಕೊಂಡರು. ಸೆಕೆ ಎಂದರು. ಸೆಲ್ಫಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂಬುದೂ ಇತ್ತೆನ್ನಿ.

ಚಳಿಗಾಲದಲ್ಲಿ ಕಡಲಕ್ಕಿಗಳು ಹಿಂಡುಹಿಂಡಾಗಿ ಈ ದೋಣಿಗಳ ಬೆನ್ನು ಹತ್ತುತ್ತವೆ. ಯಾರೋ ಚಿಪ್ಸ್ ಎಸೆದರು, ಹಕ್ಕಿಗಳು ಎಡಕ್ಕೆ ತಿರುಗಿದವು, ಜೊತೆಗೆ ಮೇಲಿನ ಡೆಕ್ಕಿನವರೆಲ್ಲ ಮೊಬೈಲ್ ಎತ್ತಿಕೊಂಡು ಎಡಕ್ಕೆ ಓಡಿದರು. ದೋಣಿ ಸ್ಪಷ್ಟವಾಗಿ ವಾಲಿತು. ಧಾರವಾಡದವನು ‘ಯಪ್ಪಾ’ ಎಂದು ನನ್ನ ತೋಳು ಹಿಡಿದ. ಭಾರ ಮೇಲಕ್ಕೇರಿದಷ್ಟೂ, ಒಂದೇ ಪಕ್ಕಕ್ಕೆ ಸರಿದಷ್ಟೂ ದೋಣಿಗೆ ಮತ್ತೆ ನೆಟ್ಟಗಾಗುವುದು ಕಷ್ಟ ಎಂದು ಮಲ್ಪೆಯವನು ವಿವರಿಸುತ್ತಿದ್ದ. ಕೇಳುವ ಸ್ಥಿತಿಯಲ್ಲಿ ಇವನಿರಲಿಲ್ಲ.

ದ್ವೀಪದಲ್ಲಿ ಮೆಟ್ಟಿಲು ಹತ್ತಿ, ಸುಮಾರು 6 ಮೀಟರ್ ಎತ್ತರದ ತ್ರಿಮೂರ್ತಿಯ ಮುಂದೆ ನಿಂತಾಗ ಭಯ ಮರೆತಿತ್ತು. ಇದರ ಹಳೆಯ ಹೆಸರು ಘಾರಾಪುರಿ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ನೌಕೆಗಳೊಂದಿಗೆ ‘ಪುರಿ’ಯನ್ನು ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಇದೇ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ‘ಅವರೂ ಅಡ್ಜಸ್ಟ್ ಮಾಡ್ಕೊಂಡೇ ಬಂದಿರ್ಬೇಕು’ ಎಂದ ಧಾರವಾಡದವನು.

ಹೋಗುವಾಗಿನದಕ್ಕಿಂತ ಮರಳುವಾಗಿನ ನೂಕುನುಗ್ಗಲು ಕೆಟ್ಟದ್ದು. ಸಂಜೆಯ ಕೊನೆಯ ದೋಣಿ ತಪ್ಪಿದರೆ ದ್ವೀಪದಲ್ಲೇ ಉಳಿಯಬೇಕಾದೀತೆಂಬ ಅಂಜಿಕೆಯಲ್ಲಿ ಎಲ್ಲರೂ ಒಮ್ಮೆಲೇ ಧಕ್ಕೆಗೆ ಇಳಿಯುತ್ತಾರೆ. ನಾವು ಮೂರೂವರೆಗೇ ಕೆಳಗಿಳಿದೆವು. ದೋಣಿ ಬಂದಾಗ ಧಾರವಾಡದವನು ಎಲ್ಲರಿಗಿಂತ ಮೊದಲು ಬಗ್ಗಿ ಅದರ ಸಂಖ್ಯೆ ಓದಿದ. ಒಳಗೆ ಕೂತು, ಜಾಕೆಟ್ಟಿನ ಮೂರೂ ಪಟ್ಟಿ ಬಿಗಿದು, ಹತ್ತುವವರ ತಲೆ ಎಣಿಸತೊಡಗಿದ. ಐವತ್ತರ ಆಚೀಚೆ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿದ.